ತವರಿಗೆ ಬಂದ ಅಡಕಿತ್ತಾ

ನಮ್ಮ ಮನೆಯ ಟೀವಿಯ ಪಕ್ಕದ ಗಾಜಿನ ಕಪಾಟಿನಲ್ಲಿ, ನಾನು ಶಾಲೆಯಲ್ಲಿ ಗೆದ್ದ ಬಣ್ಣಗೆಟ್ಟ ಕಪ್ಪಿಗೂ ಯಾರೋ ಯಾತ್ರೆಯಿಂದ ತಂದುಕೊಟ್ಟ ಗಣಪತಿಗೂ ನಡುವೆ, ಹಿತ್ತಾಳೆಯದೊಂದು ಅಡಕತ್ತರಿ ಕೂತಿದೆ. ಗಿಳಿಯ ಆಕಾರದ್ದು. ಕೊಕ್ಕಿನ ಕೆಳಗೆ ಕಬ್ಬಿಣದ ಅಲಗು, ಬಾಲದ ಕಡೆಗೆ ಹಿಡಿಕೆ, ಕಣ್ಣಿದ್ದಲ್ಲಿ ಒಂದು ಕೆಂಪು ಚುಕ್ಕಿ. ನಡುವಿನ ಮೊಳೆ ಸಡಿಲಾಗಿ ಎಷ್ಟೋ ಕಾಲವಾಗಿರುವುದರಿಂದ ಅದನ್ನು ಎತ್ತಿದರೆ ಗಿಳಿ ತಾನಾಗಿಯೇ ಬಾಯಿ ತೆರೆಯುತ್ತದೆ, ಇಟ್ಟರೆ ಮುಚ್ಚುತ್ತದೆ. ನಮ್ಮ ಮನೆಯಲ್ಲಿ ಈಗ ಎಲೆಯಡಿಕೆ ಹಾಕುವವರು ಯಾರೂ ಇಲ್ಲ. ಆದರೂ ಅಡುಗೆಮನೆಯ ಡ್ರಾಯರಿನಲ್ಲೋ ಅಟ್ಟದ ಮೇಲೋ ಇರಬೇಕಾದ ಈ ಸಾಮಾನು ಹೊರಕೋಣೆಗೆ ಬಂದು, ಕಪಾಟಿನಲ್ಲಿ ಮರ್ಯಾದೆಯ ಜಾಗ ಹಿಡಿದು ಕೂತದ್ದು ಹೇಗೆಂದು ಮನೆಗೆ ಬಂದವರು ಕೇಳುತ್ತಾರೆ. ನೀವೂ ಕೇಳಿದಿರೆಂದೇ ಭಾವಿಸಿಕೊಂಡು ಹೇಳುತ್ತೇನೆ, ಸ್ವಲ್ಪ ಸಾವಕಾಶವಾಗಿ ಕೇಳಿ.

ಈ ಗಿಳಿ ನಮ್ಮ ತಂದೆಯ ತಾಯಿಯದು. ವಿಜಯಪುರದ ಕಡೆಯಿಂದ ನನ್ನ ಅವ್ವ ಸೊಸೆಯಾಗಿ ಪುಣೆಗೆ ಬಂದಾಗ ಆಕೆಯ ಪಾಲಿಗೆ ಬಂದ ಮೊದಲ ಕೆಲಸವೆಂದರೆ ಮಧ್ಯಾಹ್ನದ ಊಟವಾದ ಮೇಲೆ ಅತ್ತೆಗೆ ಅಡಿಕೆ ಕತ್ತರಿಸಿಕೊಡುವುದು. ಅಜ್ಜಿಗೆ ಹಲ್ಲು ಕಡಿಮೆ, ಚಟ ಜಾಸ್ತಿ. ಹೋಳು ಎಳ್ಳಿನಷ್ಟು ಸಣ್ಣಗಿರಬೇಕು. ಎರಡು ತಲೆಮಾರಿನಿಂದ ಈ ಊರಿನಲ್ಲಿದ್ದ ಅಜ್ಜಿ, ಕನ್ನಡ ಮಾತಾಡುತ್ತಲೇ ಅದನ್ನು ಈ ಊರಿನವರ ಹಾಗೆ 'ಅಡಕಿತ್ತಾ' ಎನ್ನುತ್ತಿದ್ದಳು. ಹೊಸ ಸೊಸೆ ಹೊಸ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕಲಿಯುವಂತೆ ಆ ಶಬ್ದವನ್ನೂ ಕಲಿತಳು. ತವರಿನಲ್ಲಿ ಅದಕ್ಕೆ ಏನನ್ನುತ್ತಿದ್ದರೆಂಬುದು ಕ್ರಮೇಣ ಮರೆತೇಹೋಯಿತು.

ಮರೆತದ್ದು ಅದೊಂದೇ ಶಬ್ದವಲ್ಲ. ನನ್ನ ತಂದೆ ಶಿವಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತರು; ಅವರ ಮರಾಠಿ ನೀರು ಹರಿದಂತೆ. ಅವ್ವನದು ಮಾತ್ರ ಕಲ್ಲಿನ ಮೇಲೆ ಚಕ್ಕಡಿ ಹೋದಂತೆ. ಕನ್ನಡದಲ್ಲಿ ನಮಗೆ ಎಷ್ಟು ಸುಖ ನೋಡಿ, ಜೀವವಿಲ್ಲದ್ದೆಲ್ಲ 'ಅದು'. ಮರಾಠಿಯಲ್ಲಿ ಹಾಗಲ್ಲ, ಕುರ್ಚಿ ಹೆಣ್ಣು, ಪಂಖಾ ಗಂಡು, ಹಾಲು ಎರಡೂ ಅಲ್ಲ. ಅವ್ವ ತನ್ನ ಸೀರೆಯನ್ನು ಗಂಡು ಮಾಡಿ, ಕುಕ್ಕರನ್ನು ಹೆಣ್ಣು ಮಾಡಿ ಮಾತಾಡಿದಾಗ ತರಕಾರಿಯವಳಿಂದ ಹಿಡಿದು ಎದುರುಮನೆಯ ಸುಲಭಾತಾಯಿಯವರೆಗೆ ಎಲ್ಲರೂ ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಸರಿ, ಕನ್ನಡದ ನಾಡಿಗಾದರೂ ಹೋಗಿ ಬಾಯಿ ತುಂಬ ಮಾತಾಡೋಣವೆಂದರೆ, ಬೆಂಗಳೂರಿನಲ್ಲಿ ನೆಲೆಸಿದ್ದ ಆಕೆಯ ತಂಗಿಯ ಮನೆಯಲ್ಲಿ ಚೀಲವನ್ನು ಕಿಟಕಿಯ ಕಡೆ ಇಡಲು ಹೇಳುತ್ತ "ಆ ಪಿಶವಿ ಖಿಡಕಿ ಕಡೆ ಇಡು" ಎಂದದ್ದಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕವು. "ಅಕ್ಕಾ, ಇಲ್ಲೆ ಹಂಗ ಮಾತಾಡಬ್ಯಾಡ, ಇದು ಮರಾಠಿ ಅಂತಾರ" ಎಂದು ತಂಗಿ ಮೆಲ್ಲಗೆ ಹೇಳಿದಳಂತೆ. ಇಲ್ಲಿ ಕನ್ನಡದವಳೆಂದು ನಗೆ, ಅಲ್ಲಿ ಮರಾಠಿಯವಳೆಂದು ನಗೆ. ಅವ್ವ ಕ್ರಮೇಣ ಮಾತನ್ನೇ ಕಡಿಮೆ ಮಾಡಿದಳು. ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೊಳ್ಳುತ್ತಿದ್ದಳು. ಮದುವೆ ಮುಂಜಿಗಳಲ್ಲಿ ಮುಗುಳ್ನಕ್ಕು ಕೂತಿರುತ್ತಿದ್ದಳು. ಜನ ಆಕೆಯನ್ನು ಭಾಳ ಶಾಂತ ಸ್ವಭಾವದವಳು ಎಂದು ಹೊಗಳುತ್ತಿದ್ದರು. ಶಾಂತ ಸ್ವಭಾವ ಏನೆಂಬುದು ಮನೆಯಲ್ಲಿ ಆಕೆಯ ಬೈಗುಳ ತಿಂದ ನನಗೆ ಗೊತ್ತಿತ್ತು. ಹೊಸ್ತಿಲು ದಾಟಿದ ಕೂಡಲೆ ಮೂಕಿಯಾಗುವ ಅವ್ವನನ್ನು ನೋಡಿದಾಗ ನನಗೆ ಸಂಕಟವಾಗುತ್ತಿತ್ತು.

ಈ ಕಾಲದಲ್ಲೇ ನಮ್ಮ ಮನೆಗೆ ಅವರು ಬಂದರು. ಬಂದರು ಎಂದರೆ ಟೀವಿಯಲ್ಲಿ. ನಾವಿದ್ದ ವಠಾರದ ಕೆಳಗೆ ಕರಾವಳಿಯ ಕಡೆಯ ರಾಯರೊಬ್ಬರ ಹೋಟೆಲು ಇತ್ತು. "ಕನ್ನಡ ಚಾನೆಲ್ ಕೊಡದಿದ್ದರೆ ನಿನಗೆ ನಾಳೆಯಿಂದ ಚಹಾ ಇಲ್ಲ ಮಾರಾಯ" ಎಂದು ಅವರು ಕೇಬಲ್ಲಿನವನನ್ನು ಹೆದರಿಸಿದ್ದರಿಂದ ನಮಗೆಲ್ಲ ಆ ಭಾಗ್ಯ ಒದಗಿತು. ಭಾನುವಾರ ಬೆಳಿಗ್ಗೆ ಒಂದು ಶಬ್ದದ ಆಟ ಬರುತ್ತಿತ್ತು. ಪರದೆಯ ಮೇಲೆ ಒಂದು ಸಾಮಾನಿನ ಚಿತ್ರ ತೋರಿಸುತ್ತಾರೆ, ಅದರ ಕನ್ನಡದ ಹೆಸರು ಹೇಳಬೇಕು. ಬೇರೆ ಭಾಷೆಯ ಹೆಸರು ಹೇಳಿದರೆ ಆಟದಿಂದ ಹೊರಗೆ. ಆಡಿಸುವವರ ಮೇಜಿನ ಪಕ್ಕದಲ್ಲಿ ಹಗ್ಗ ಕಟ್ಟಿದ ಒಂದು ಕಂಚಿನ ಗಂಟೆ. ಉತ್ತರ ತಪ್ಪಾದರೆ ಅವರು ಅದನ್ನು ಒಮ್ಮೆ ಎಳೆಯುತ್ತಿದ್ದರು. ಅವ್ವ ಆ ಕಾರ್ಯಕ್ರಮಕ್ಕೆ 'ಗಂಟಿ ಆಟ' ಎಂದೂ ಅವರಿಗೆ 'ಗಂಟಿ ಮಾಸ್ತರು' ಎಂದೂ ಹೆಸರಿಟ್ಟಳು. ನಮಗೆ ಅವರ ಹೆಸರು ಗೊತ್ತಿಲ್ಲದೆ ಅಲ್ಲ, ಆದರೆ ಮನೆಯ ಮನುಷ್ಯರಿಗೆ ಪೂರ್ತಿ ಹೆಸರು ಹಿಡಿದು ಕರೆಯುವವರು ಯಾರು?

ಮಾಸ್ತರು ಸುಂದರರೇನೂ ಅಲ್ಲ. ತೆಳುವಾದ ಮೀಸೆ, ಸ್ವಲ್ಪ ಅಗಲವಾದ ಕಿವಿ, ಮೂಗಿನಲ್ಲಿ ಸದಾ ನೆಗಡಿಯಾದಂತಹ ಧ್ವನಿ. ಆದರೆ ಅಷ್ಟು ವರ್ಷಗಳಲ್ಲಿ ಅವರು ಯಾರಿಗೂ 'ತಪ್ಪು' ಎಂಬ ಶಬ್ದವನ್ನು ಹೇಳಿದ್ದನ್ನು ನಾನು ಕೇಳಲಿಲ್ಲ. ಗಂಟೆ ಬಾರಿಸಿ, ತಾವೇ ಬೆಚ್ಚಿಬಿದ್ದವರಂತೆ ಅದರ ಕಡೆ ತಿರುಗಿ, "ನಾನಲ್ಲ, ಇವನು ಹೇಳಿದ್ದು" ಎನ್ನುತ್ತಿದ್ದರು. ಸೋತವರೂ ನಕ್ಕುಬಿಡುತ್ತಿದ್ದರು. ಸೋಲಿನ ಹೊಣೆಯನ್ನು ಒಂದು ಕಂಚಿನ ತುಂಡಿನ ಮೇಲೆ ಹೊರಿಸಿ ಮನುಷ್ಯರನ್ನು ನಗುತ್ತ ಮನೆಗೆ ಕಳಿಸುವುದು ಒಂದು ದೊಡ್ಡ ವಿದ್ಯೆಯೆಂದು ನನಗೆ ಹೊಳೆದದ್ದು ಬಹಳ ತಡವಾಗಿ, ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ ನಾಲ್ಕು ಜನರ ತಪ್ಪು ತಿದ್ದುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ.

ಒಂದು ಬೇಸಿಗೆಯಲ್ಲಿ ಅವ್ವ ತಂಗಿಯ ಮಗನ ಮುಂಜಿಗೆಂದು ಬೆಂಗಳೂರಿಗೆ ಹೋದಳು. ತಂಗಿಯ ಗಂಡ ಎಲ್ಲಿಂದಲೋ ಆ ಆಟದ ಚಿತ್ರೀಕರಣಕ್ಕೆ ಪಾಸು ತಂದಿದ್ದ. ಅವ್ವ ಪ್ರೇಕ್ಷಕರ ಸಾಲಿನಲ್ಲಿ ಮೂಲೆ ಹಿಡಿದು, ಎಂದಿನಂತೆ ಮುಗುಳ್ನಕ್ಕು ಕೂತಿದ್ದಳು. ಅಂದಿನ ಆಟಗಾರರೊಬ್ಬರು ಬರಲಿಲ್ಲವೆಂದು ಮಾಸ್ತರು ತಾವೇ ಪ್ರೇಕ್ಷಕರ ನಡುವೆ ಇಳಿದು ಬಂದರು. ಕೈ ಎತ್ತಿ ಎತ್ತಿ ಕುಣಿಯುತ್ತಿದ್ದವರನ್ನೆಲ್ಲ ಬಿಟ್ಟು, ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದ ಅವ್ವನ ಮುಂದೆ ನಿಂತರು. "ಎಲ್ಲಿಂದ ಬಂದ್ರಿ ತಾಯಿ?" ಎಂದು ಕೇಳಿದರು. ಪುಣೆ ಎಂದಳು ಅವ್ವ. "ಹಾಗಾದರೆ ದೂರದ ನೆಂಟರು, ಬರಬೇಕು" ಎಂದು ಕೈ ಹಿಡಿದು ಕರೆದುಕೊಂಡೇ ಹೋದರು.

ಮುಂದಿನದನ್ನು ನಾನು ನೋಡಿದ್ದು ಕೆಲವು ವಾರಗಳ ನಂತರ, ಪುಣೆಯ ನಮ್ಮ ಮನೆಯಲ್ಲಿ, ಅವ್ವನ ಪಕ್ಕದಲ್ಲೇ ಕೂತು. ಪರದೆಯ ಮೇಲೆ ಅಡಕತ್ತರಿಯ ಚಿತ್ರ ಬಂತು. ದಿನಾ ಮಧ್ಯಾಹ್ನ ಕೈಯಲ್ಲಿ ಹಿಡಿದ ಸಾಮಾನು! ಭಯವೆಲ್ಲ ಹಾರಿಹೋಗಿ, ಅವ್ವ ಇಡೀ ಸಭೆಗೆ ಕೇಳುವಂತೆ "ಅಡಕಿತ್ತಾ" ಎಂದಳು. ಸಭೆ ಘೊಳ್ಳೆಂದಿತು. ಎದುರಾಳಿಯಾಗಿ ನಿಂತಿದ್ದ ಯುವಕ, "ಸಾರ್, ಅದು ಮರಾಠಿ ಅಲ್ವಾ?" ಎಂದ. ಅವ್ವನ ಮುಖ ಹೇಗಾಯಿತೆಂದು ನಾನು ಬಣ್ಣಿಸಲಾರೆ. ಬಾಗಿಲು ಮುಚ್ಚಿದಂತೆ ಆಯಿತು ಎಂದಷ್ಟೇ ಹೇಳುತ್ತೇನೆ. ಪರದೆಯ ತುಂಬ ಮಾಸ್ತರ ಮುಖ ಬಂತು. ಅವರು ಒಂದು ಗಳಿಗೆ ಅವ್ವನ ಕಡೆಯೇ ನೋಡಿದರು. ಆಮೇಲೆ ಯುವಕನ ಕಡೆ ತಿರುಗಿ, ಆ ನೆಗಡಿಯ ಧ್ವನಿಯಲ್ಲಿ ಹೀಗೆಂದರು:

"ಯಾರು ಹೇಳಿದರು ನಿಮಗೆ? ಅಡಕೆಯನ್ನು ಒತ್ತುವುದು ಅಡಕೊತ್ತು. ನಮ್ಮ ಮನೆಯ ಹೆಣ್ಣುಮಗಳು. ಎಂದೋ ಗಡಿಯಾಚೆ ಕೊಟ್ಟಿದ್ದೆವು, ಅಲ್ಲಿಯ ಸೀರೆ ಉಟ್ಟು ಅಡಕಿತ್ತಾ ಆಗಿದ್ದಾಳೆ. ಈಗ ತವರಿಗೆ ಬಂದಿದ್ದಾಳೆ. ತವರಿಗೆ ಬಂದ ಮಗಳಿಗೆ ಯಾರಾದರೂ ಗಂಟೆ ಬಾರಿಸಿ ಹೊರಗೆ ಕಳಿಸುತ್ತಾರೆಯೇ?"

ಸಭೆ ಚಪ್ಪಾಳೆ ತಟ್ಟಿತು. ಯುವಕನೂ ತಟ್ಟಿದ, ಪಾಪ ಒಳ್ಳೆಯವನು. ಮುಂದಿನ ಸುತ್ತಿನಲ್ಲಿ ಅವ್ವ ಚಮಚಕ್ಕೆ ಚಮಚ ಎಂದೇ ಹೇಳಿ, ಅದು ಪರಭಾಷೆಯಿಂದ ಬಂದ ಶಬ್ದವಾದ್ದರಿಂದ ಸೋತಳು, ಗಂಟೆ ಮೊಳಗಿತು, ಮಾಸ್ತರು ಬೆಚ್ಚಿ "ನಾನಲ್ಲ" ಎಂದರು, ಅವ್ವ ಬಾಯಿ ಬಿಟ್ಟು ನಕ್ಕಳು. ಅಷ್ಟು ಜನರ ನಡುವೆ ಆಕೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆಂಗಳೂರಿನಿಂದ ಬಂದವಳೇ ಅವ್ವ ಮಾಡಿದ ಮೊದಲ ಕೆಲಸ, ಅಜ್ಜಿ ಕಾಲವಾದ ಮೇಲೆ ಡಬ್ಬಿಯ ತಳ ಸೇರಿದ್ದ ಗಿಳಿಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಿ ಗಾಜಿನ ಕಪಾಟಿನಲ್ಲಿ ಕೂರಿಸಿದ್ದು. ಎರಡನೆಯ ಕೆಲಸ, ಎದುರುಮನೆಯ ಸುಲಭಾತಾಯಿಯ ಜೊತೆ ಜಗಳ ತೆಗೆದದ್ದು. "ಅಡಕಿತ್ತಾ ಆಮಚೀ" ಎಂದಳು ಅವ್ವ, ಅಂದರೆ ಅಡಕಿತ್ತಾ ನಮ್ಮವಳು. ಸುಲಭಾತಾಯಿಗೆ ಒಂದಲ್ಲ ಎರಡು ಆಘಾತ. ಮೊದಲನೆಯದಾಗಿ ಅದು ಅವರ ಪ್ರಕಾರ ಅಪ್ಪಟ ಮರಾಠಿ ಶಬ್ದ. ಎರಡನೆಯದಾಗಿ ಮರಾಠಿಯಲ್ಲಿ ಅಡಕಿತ್ತಾ ಗಂಡು, 'ಆಮಚಾ' ಆಗಬೇಕು. ಅವ್ವ ಎರಡನ್ನೂ ಒಪ್ಪಲಿಲ್ಲ. ಮಗಳು ಎಂದು ಮಾಸ್ತರು ಎಲ್ಲರ ಮುಂದೆ ಹೇಳಿಬಿಟ್ಟ ಮೇಲೆ ಅದು ಗಂಡಾಗುವುದು ಹೇಗೆ? ಈ ಜಗಳ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಹೊಸದಾಗಿ ಶುರುವಾಗುತ್ತಿತ್ತು, ಮತ್ತು ಜಗಳವಾಡುತ್ತ ಆಡುತ್ತ ಅವರಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದ ಗೆಳತಿಯರಾದರು.

ಅಲ್ಲಿಂದ ಮುಂದೆ ಅವ್ವನ ಬಾಯಿಗೆ ಅಡ್ಡಿಯಿಲ್ಲ. ಸೀರೆಯನ್ನು ಗಂಡು ಮಾಡಿ, ಹಾಲನ್ನು ಹೆಣ್ಣು ಮಾಡಿ, ಸಂತೆಯಲ್ಲಿ ಚೌಕಾಸಿ ಮಾಡಿದಳು. ಕನ್ನಡ ಸಂಘದ ಹೆಂಗಸರ ಕೂಟದಲ್ಲಿ ಮೊದಲು ಕೂತಳು, ಆಮೇಲೆ ಎದ್ದು ನಿಂತು ಮಾತಾಡಿದಳು. ವಠಾರದ ಕನ್ನಡದ ಮಕ್ಕಳನ್ನು ರಜೆಯ ದಿನ ಕೂಡಿಸಿ ಅಕ್ಷರ ತಿದ್ದಿಸಿದಳು. ಅವು ಖಿಡಕಿ ಎಂದರೆ ಖಿಡಕಿ ಎಂದೇ ಇರಲಿ ಎನ್ನುತ್ತಿದ್ದಳು. ಕಿಟಕಿ ಎಂದೂ ಅನ್ನುತ್ತಾರೆ, ಎರಡೂ ತೆಗೆದರೆ ಗಾಳಿ ಜಾಸ್ತಿ ಎಂದು ಸೇರಿಸುತ್ತಿದ್ದಳು. ತಂದೆ ತೀರಿಕೊಂಡ ಮೇಲೆ, ನಾನು ಕಂಗಾಲಾಗಿ ಕೂತಿದ್ದಾಗ, ಪಿಂಚಣಿಯ ಕಚೇರಿಗೆ ಒಬ್ಬಳೇ ಹೋಗಿ ತನ್ನ ಮರಾಠಿಯಲ್ಲೇ ಕೆಲಸ ಮುಗಿಸಿಕೊಂಡು ಬಂದವಳು ಆಕೆ. ಅದನ್ನೆಲ್ಲ ನೆನೆದಾಗ ನನ್ನ ಮನಸ್ಸು ಆ ಅಗಲ ಕಿವಿಯ ಮನುಷ್ಯನಿಗೆ ತಾನಾಗಿಯೇ ಕೈಮುಗಿಯುತ್ತದೆ.

ಕಾಲ ಅವರನ್ನೇನೂ ಮುದ್ದಿನಿಂದ ನೋಡಿಕೊಳ್ಳಲಿಲ್ಲ. ಕಣ್ಣು ಕುಕ್ಕುವ ದೀಪಗಳ, ನೆಲ ನಡುಗಿಸುವ ಸಂಗೀತದ, ರಾತ್ರಿ ಬೆಳಗಾಗುವುದರೊಳಗೆ ಕೋಟ್ಯಧೀಶರನ್ನು ಮಾಡುವ ಆಟಗಳು ಬಂದವು. ಮಾಸ್ತರ ಆಟ ಬೆಳಗಿನಿಂದ ಮಧ್ಯಾಹ್ನಕ್ಕೆ ಸರಿಯಿತು, ಒಂದು ಚಾನೆಲ್ಲಿನಿಂದ ಇನ್ನೊಂದಕ್ಕೆ ಮನೆ ಬದಲಿಸಿತು. ಮೀಸೆ ಬೆಳ್ಳಗಾಯಿತು, ಕೋಟು ಹೋಗಿ ಜುಬ್ಬ ಬಂತು, ಯಾರೋ ಬುದ್ಧಿವಂತರು ಗಂಟೆ ತೆಗೆದು ಕೆಂಪು ದೀಪ ಹಾಕಿಸಿದರು. ದೀಪಕ್ಕೆ "ಇವನು ಹೇಳಿದ್ದು" ಎನ್ನಲಾಗದೆ ಮಾಸ್ತರು ಒದ್ದಾಡಿದ್ದು ನಮಗೇ ಕಾಣುತ್ತಿತ್ತು. ಕೆಲವೇ ವಾರಗಳಲ್ಲಿ ಗಂಟೆ ಮರಳಿ ಬಂತು. ಅಂದು ಅವ್ವ ಮನೆಯಲ್ಲಿ ಹುಗ್ಗಿ ಮಾಡಿದಳು.

ಇತ್ತೀಚೆಗೆ ಅವರು ನಿವೃತ್ತರಾಗುತ್ತಾರೆಂಬ ಸುದ್ದಿ ಬಂತು. ನಾನು ರಾಂಜಣಗಾಂವದ ಕಾರ್ಖಾನೆಗೆ ಕಂಪನಿಯ ಬಸ್ಸಿನಲ್ಲಿ ಹೋಗಿ ಬರುತ್ತೇನೆ; ದಾರಿ ದೂರ, ಫೋನು ಹತ್ತಿರ. ಒಂದು ಬುಧವಾರ ಸಂಜೆ ಹಿಂದಿರುಗುವಾಗ ಅವರ ದೀರ್ಘ ಸಂದರ್ಶನವೊಂದನ್ನು ಓದುತ್ತಿದ್ದೆ. ಆಟ ಶುರುವಾದ ಕಥೆ, ಗಂಟೆ ಕೊಂಡ ಕಥೆ, ಎಲ್ಲ ಮುಗಿದ ಮೇಲೆ ಸಂದರ್ಶಕಿ ಕೇಳಿದ್ದರು, ವೇದಿಕೆಯ ಮೇಲೆ ನೀವು ಹೇಳಿದ ಅತಿ ದೊಡ್ಡ ಸುಳ್ಳು ಯಾವುದು ಎಂದು. ಮಾಸ್ತರ ಉತ್ತರದಲ್ಲಿ ಇದ್ದವಳು ನನ್ನ ಅವ್ವ. ಪುಣೆಯಿಂದ ಬಂದಿದ್ದ ಒಬ್ಬ ತಾಯಿ ಅಡಕಿತ್ತಾ ಎಂದರು, ಅದು ಮರಾಠಿಯೆಂದೇ ನಾನೂ ತಿಳಿದಿದ್ದೆ, ಆಕೆಯ ಮುಖ ನೋಡಿ ಗಂಟೆ ಬಾರಿಸಲು ಮನಸ್ಸಾಗಲಿಲ್ಲ, ನಿಂತ ನಿಲುವಿನಲ್ಲಿ ಒಂದು ವ್ಯುತ್ಪತ್ತಿ ಕಟ್ಟಿ ಹೇಳಿಬಿಟ್ಟೆ ಎಂದಿದ್ದರು ಅವರು.

ನಿಮಗೆ ನನ್ನ ಪೇಚು ಅರ್ಥವಾದೀತು. ಸಂದರ್ಶನದಲ್ಲಿ ಇನ್ನೂ ಕೆಲವು ಸಾಲುಗಳಿದ್ದವು, ಅವುಗಳ ಮೇಲೂ ಕಣ್ಣಾಡಿಸಿದೆ, ಆದರೆ ಒಂದೂ ತಲೆಗೆ ಹೋಗಲಿಲ್ಲ, ಮನಸ್ಸು ಮೊದಲಿನ ಸಾಲುಗಳಲ್ಲೇ ಸಿಕ್ಕಿಬಿದ್ದಿತ್ತು. ಅವ್ವ ಅಂದು ಗೆದ್ದದ್ದು ಶಬ್ದದ ಬಲದಿಂದಲ್ಲ, ಒಬ್ಬ ಅಪರಿಚಿತನ ಕನಿಕರದಿಂದ. ಆಕೆಯ ಮಾತು, ಗೆಳೆತನ, ಅಕ್ಷರ ಕಲಿಸುವ ಪಡಸಾಲೆ ಎಲ್ಲವೂ ನಿಂತದ್ದು ಆ ಒಂದು ಗಳಿಗೆಯ ಮೇಲೆ. ಅದು ಸುಳ್ಳೆಂದು ಗೊತ್ತಾದರೆ ಇಳಿವಯಸ್ಸಿನಲ್ಲಿ ಆಕೆ ಮತ್ತೆ ಬಾಯಿ ಮುಚ್ಚಿಕೊಂಡು ಕೂತರೆ? ಕೃತಜ್ಞತೆ ಒಂದು ವಿಚಿತ್ರ ವಸ್ತು. ಉಪಕಾರಿ ಎದುರಿಗೆ ಬಂದು ತಾನು ಕೊಟ್ಟದ್ದು ಖೋಟಾ ನಾಣ್ಯವೆಂದರೆ, ಅದರಿಂದ ನಾವು ಆಗಲೇ ಉಂಡ ಊಟ ಏನಾಗುತ್ತದೆ? ಶಿವಾಜಿನಗರದಲ್ಲಿ ಇಳಿದು ಮನೆಗೆ ನಡೆಯುವವರೆಗೂ ಇದನ್ನೇ ಅಗಿದೆ. ಹೇಳಬಾರದೆಂದು ನಿಶ್ಚಯಿಸಿದೆ.

ಮರುದಿನ ಗುರುವಾರ, ನಮ್ಮ ಕಾರ್ಖಾನೆಗೆ ವಾರದ ರಜೆ. ಅವ್ವನ ಕಣ್ಣು ಈಗ ಮಂಜು, ಆಕೆಗೆ ನಾನೇ ಓದಿ ಹೇಳಬೇಕು. ಚಹಾ ಕುಡಿದು, ಗಾಜಿನ ಕಪಾಟಿನ ಪಕ್ಕದ ತನ್ನ ಕುರ್ಚಿಯಲ್ಲಿ ಕೂತವಳೇ, "ಶಶಿ, ಮಾಸ್ತರದ್ದು ಏನೋ ಬಂದದಂತ, ಸಂಘದವರು ಫೋನ್ ಮಾಡಿದ್ರು. ಓದು" ಎಂದಳು. ನಾನು ಓದತೊಡಗಿದೆ. ಗಂಟೆ ಕೊಂಡ ಕಥೆಗೆ ಅವ್ವ ನಕ್ಕಳು. ಸುಳ್ಳಿನ ಪ್ರಶ್ನೆ ಬಂದಾಗ ಮೆಲ್ಲಗೆ ಅದನ್ನು ದಾಟಿ ಮುಂದಿನ ಸಾಲಿಗೆ ಜಿಗಿದೆ.

"ಏನ ಬಿಟ್ಟಿ?" ಎಂದಳು ಅವ್ವ.

"ಏನೂ ಇಲ್ಲವ್ವ."

"ಇಷ್ಟ ಮಕ್ಕಳಿಗೆ ಓದಲಿಕ್ಕೆ ಕಲಿಸೀನಿ. ಸಾಲು ಹಾರಿಸೋದು ನನಗ ತಿಳಿಯೂದಿಲ್ಲೇನು? ಓದು."

ಓದಿದೆ. ತಲೆ ಎತ್ತದೆ, ಒಂದೊಂದೇ ಸಾಲು. ನಿಂತ ನಿಲುವಿನಲ್ಲಿ ಕಟ್ಟಿ ಹೇಳಿಬಿಟ್ಟೆ ಎಂಬಲ್ಲಿಗೆ ಬಂದು ನಿಲ್ಲಿಸಿದೆ. ಅವ್ವನ ಕಡೆ ನೋಡುವ ಧೈರ್ಯವಿರಲಿಲ್ಲ. ಕೇಳಿಸಿದ್ದು ನಗು.

"ಇದನ್ನ ಹೇಳಲಿಕ್ಕೆ ಅಂಜಿದ್ಯಾ? ಹುಚ್ಚಿ. ನನಗ ಅವತ್ತೇ ಗೊತ್ತಿತ್ತು. ನೀವು ಟೀವಿಯೊಳಗ ಬರೇ ಅವರ ಮಾರಿ ನೋಡೀರಿ. ನಾ ಎದುರಿಗೇ ನಿಂತಿದ್ದೆ. ಅವರ ಕೈ ಹಗ್ಗದ ಮ್ಯಾಲ ಹೋಗಿತ್ತು, ಹಿಡದಿದ್ರು ಸುದ್ದಾ. ನನ್ನ ಕಡೆ ನೋಡಿ ಬಿಟ್ಟರು. ಖರೇನ ನಮ್ಮ ಶಬ್ದ ಇದ್ದಿದ್ರ ಗಂಟಿ ಮ್ಯಾಲ ಕೈ ಯಾಕ ಹೋಗತಿತ್ತು?"

"ಸುಳ್ಳು ಅಂತ ಗೊತ್ತಿದ್ದೂ ಸುಲಭಾತಾಯಿ ಜೋಡಿ ಇಷ್ಟು ವರ್ಷ ಜಗಳ ಆಡಿದ್ಯಾ?"

"ಮತ್ತ? ನನ್ನ ಸಲುವಾಗಿ ಅವರು ಅಷ್ಟು ಮಂದಿ ಮುಂದ ಹೇಳಿದ್ರು. ಅವರ ಸಲುವಾಗಿ ನಾ ಒಬ್ಬಾಕಿ ಮುಂದ ಹೇಳಬಾರದೇನು?"

ಉಪಕಾರವನ್ನು ಹೊತ್ತು ಕೂರದೆ, ಅದನ್ನು ಕಾಯುತ್ತ ಬಂದವಳು ಈಕೆ. ಖೋಟಾ ನಾಣ್ಯವನ್ನು ನಿಜದ ನಾಣ್ಯವೆಂದು ಚಲಾವಣೆಯಲ್ಲಿಟ್ಟು, ಕೊಟ್ಟವರ ಮಾನ ಕಾದಿದ್ದಳು. ನನ್ನ ಕಣ್ಣು ತುಂಬಿ ಬಂದದ್ದನ್ನು ಮಂಜುಗಣ್ಣಿನ ಅವ್ವ ನೋಡಲಿಲ್ಲ. "ಮುಂದಿಂದು ಓದು, ಮುಗೀತೇನು?" ಎಂದಳು.

ಮುಗಿದಿರಲಿಲ್ಲ. ಬಸ್ಸಿನಲ್ಲಿ ನಾನು ಗಾಬರಿಯಲ್ಲಿ ಬರೀ ಕಣ್ಣಾಡಿಸಿ ಬಿಟ್ಟಿದ್ದ ಆ ಕೊನೆಯ ಸಾಲುಗಳನ್ನು ಈಗ ದನಿಯೆತ್ತಿ ಓದಿದೆ. ಮಾಸ್ತರ ಮಾತು ಹೀಗೆ ಮುಂದುವರಿದಿತ್ತು. ಅಂದು ಸುಳ್ಳು ಹೇಳಿದೆನಲ್ಲ ಎಂಬ ಅಳುಕಿನಿಂದ ಮನೆಗೆ ಹೋದವನೇ, ಮುಖದ ಬಣ್ಣವನ್ನೂ ಒರೆಸಿಕೊಳ್ಳದೆ ನಿಘಂಟು ತೆಗೆದೆ. ನಾನು ಬಾಯಿಗೆ ಬಂದಂತೆ ಕಟ್ಟಿದ್ದೇ ಅಲ್ಲಿ ಅಚ್ಚಾಗಿತ್ತು. ಅಡಕೊತ್ತು ಎಂಬ ಕನ್ನಡದ ಶಬ್ದವೇ ಮರಾಠಿಗೆ ಹೋಗಿ ಅಡಕಿತ್ತಾ ಆಗಿದೆ. ಆ ತಾಯಿಗೆ ಇದನ್ನು ತಿಳಿಸಬೇಕೆಂದು ಎಷ್ಟೋ ಸಲ ಅನ್ನಿಸಿತು, ಎಲ್ಲಿದ್ದಾರೋ ಗೊತ್ತಾಗಲಿಲ್ಲ. ಓದುವವರು ಯಾರಾದರೂ ತಿಳಿಸಿದರೆ ಉಪಕಾರವಾದೀತು ಎಂದಿತ್ತು.

ಅವ್ವ ಕುರ್ಚಿಯ ಅಂಚಿಗೆ ಸರಿದಳು. ಆಮೇಲೆ, "ಇನ್ನೊಮ್ಮೆ ಓದು" ಎಂದಳು. ಓದಿದೆ.

"ಖರೇನ ನಮ್ಮದಂತೇನು?"

"ಖರೇ ಅವ್ವ. ನಿಘಂಟಿನಾಗ ಅದಂತ."

ಆಕೆ ಎದ್ದು, ತಡವರಿಸುತ್ತ ಕಪಾಟಿನ ಗಾಜು ಸರಿಸಿ, ಗಿಳಿಯನ್ನು ಕೈಗೆ ತೆಗೆದುಕೊಂಡಳು. ಮೊಳೆ ಸಡಿಲಾದ ಗಿಳಿ ಬಾಯಿ ತೆರೆಯಿತು. ಅವ್ವ ಸೆರಗಿನ ಚುಂಗಿನಿಂದ ಅದರ ಬೆನ್ನನ್ನು ಒರೆಸಿದಳು, ತಲೆ ಸವರಿದಳು, ಬಹಳ ದಿನದ ಮೇಲೆ ಬಂದವರನ್ನು ನೋಡುವಂತೆ ಕಣ್ಣಿನ ತೀರ ಹತ್ತಿರ ಹಿಡಿದು ನೋಡಿದಳು. ಇಷ್ಟು ವರ್ಷ ಆಕೆ ಕಪಾಟಿನಲ್ಲಿ ಕೂರಿಸಿದ್ದದ್ದು ಮಾಸ್ತರ ದೊಡ್ಡ ಮನಸ್ಸನ್ನು. ತವರಿಗೆ ಬಂದ ಮಗಳನ್ನು ಆಕೆ ಕಂಡದ್ದು ಈಗ. ಮಾಸ್ತರಿಗೆ ವಿಷಯ ಮುಟ್ಟಿಸಬೇಕೆಂದು ನಾನು ಫೋನಿನಲ್ಲಿ ಆ ಪತ್ರಿಕೆಯ ವಿಳಾಸ ಹುಡುಕತೊಡಗಿದೆ. ಅಷ್ಟರಲ್ಲಿ ಅವ್ವ ಗಿಳಿಯನ್ನು ಹಿಡಿದುಕೊಂಡೇ ಬಾಗಿಲು ದಾಟಿ, ಗೋಡೆ ಹಿಡಿದು ನಡೆದು, ಎದುರುಮನೆಯ ಬಾಗಿಲನ್ನು ಅದರ ಹಿತ್ತಾಳೆಯ ಬಾಲದಿಂದ ಬಡಿಯುತ್ತಿದ್ದಳು.

"ಸುಲಭಾತಾಯಿ, ದಾರ ಉಘಡಾ," ಎಂದಳು, ಬಾಗಿಲು ತೆಗೆಯಿರಿ ಎಂದು. "ಅಡಕಿತ್ತಾ ಖರಂಚ ಆಮಚೀ ಆಹೆ."

ಖರೇನೇ ನಮ್ಮವಳು. ಒಳಗಿನಿಂದ ಸುಲಭಾತಾಯಿಯ ಮುದಿ ಧ್ವನಿ ಎಂದಿನಂತೆ ತಿದ್ದಿತು, ಆಮಚಾ, ಆಮಚಾ ಎಂದು. ಅವ್ವ ಬಾಗಿಲು ಬಡಿಯುತ್ತಲೇ ಇದ್ದಳು.